ರಾಷ್ಟ್ರಪತಿಯನ್ನು ರಬ್ಬರ್ ಸ್ಟಾಂಪ್ ಅನ್ನುವುದು ಸರಿಯಾ? ಸೀಲ್ ಮಾಡುವವನ ಒಂದು ಪ್ರಶ್ನೆ

ಸೀಲ್ ಅಂಗಡಿ, ಹಂಪನಕಟ್ಟೆ:

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಹಂಪನಕಟ್ಟೆ ಹತ್ತಿರ ನನ್ನದೊಂದು ಸಣ್ಣ ಅಂಗಡಿ ಉಂಟು. ರಬ್ಬರ್ ಸ್ಟಾಂಪ್, ಸೀಲ್, ನೇಮ್ ಬೋರ್ಡ್ ಮಾಡಿ ಕೊಡುತ್ತೇನೆ. ಅಪ್ಪನ ಕಾಲದಿಂದ ಇದೇ ಕೆಲಸ.

ಮೊನ್ನೆ ಇಬ್ಬರು ಗಿರಾಕಿಗಳು ಕೌಂಟರ್ ಎದುರು ನಿಂತು ಜಗಳಕ್ಕೇ ಇಳಿದರು. ಒಬ್ಬರು ವಕೀಲರ ಆಫೀಸಿನ ಗುಮಾಸ್ತರು, ಇನ್ನೊಬ್ಬರು ಸೊಸೈಟಿಗೆ ಹೊಸ ಸೀಲ್ ಮಾಡಿಸಲು ಬಂದವರು. ಟೇಬಲ್ ಮೇಲಿದ್ದ ಪೇಪರ್‌ನಲ್ಲಿ ಯಾವುದೋ ಮಸೂದೆ ರಾಷ್ಟ್ರಪತಿಯವರ ಅಂಕಿತಕ್ಕೆ ಕಾಯುತ್ತಿದೆ ಅಂತ ಸುದ್ದಿ ಇತ್ತು. ಅದನ್ನು ನೋಡಿ ಸೊಸೈಟಿಯವರು, "ಕಾಯುವುದೆಂತಕ್ಕೆ ಮಾರಾಯ್ರೆ, ಅದು ರಬ್ಬರ್ ಸ್ಟಾಂಪ್ ತಾನೇ, ಇವರ ಅಂಗಡಿಯಲ್ಲೇ ಒಂದು ಮಾಡಿಸಿ ದೆಹಲಿಗೆ ಕಳಿಸಿದರೆ ಆಯಿತು" ಅಂದರು. ಗುಮಾಸ್ತರಿಗೆ ಸಿಟ್ಟು ಬಂತು. ರಾಷ್ಟ್ರಪತಿ ಮನಸ್ಸು ಮಾಡಿದರೆ ಸರ್ಕಾರವನ್ನೇ ನಿಲ್ಲಿಸಬಹುದು, ನಿಮಗೆ ಗೊತ್ತಿಲ್ಲ ಅಂತ ಶುರು ಮಾಡಿದರು. ಅರ್ಧ ಗಂಟೆ ನಡೆಯಿತು. ಹಿಂದೆ ನಾಲ್ಕು ಜನ ಕಾಯುತ್ತಿದ್ದರು, ಅವರಲ್ಲಿ ಇಬ್ಬರು ಎದ್ದು ಹೋದರು. ನಷ್ಟ ನನಗೆ.

ನನಗೆ ರಾಜಕೀಯ ಅಷ್ಟಾಗಿ ಗೊತ್ತಿಲ್ಲ. ಆದರೆ ರಬ್ಬರ್ ಸ್ಟಾಂಪ್ ಗೊತ್ತು. ಅದು ಯಾರ ಕೈಯಲ್ಲಿ ಇದೆಯೋ ಅವರು ಒತ್ತಿದಲ್ಲಿ ಬೀಳುತ್ತದೆ, ಕೆಳಗಿನ ಕಾಗದದಲ್ಲಿ ಏನು ಬರೆದಿದೆ ಅಂತ ಕೇಳುವುದಿಲ್ಲ. ನಮ್ಮ ರಾಷ್ಟ್ರಪತಿಗಳಲ್ಲಿ ಯಾರಾದರೂ ಹಾಗೆ ಕೇಳಿದವರು ಇದ್ದಾರಾ? ಒತ್ತಲು ಆಗುವುದಿಲ್ಲ ಅಂದವರು ಇದ್ದಾರಾ? ಈಗ ನಡೆಯುತ್ತಿರುವುದು ಎಂತದು? ಪಕ್ಷದ ಜಗಳ ಬೇಡ, ಗೊತ್ತಿದ್ದವರು ಸುಮ್ನೆ ವಿಷಯ ಹೇಳಿ.

ರಥಬೀದಿ ಮೇಷ್ಟ್ರು, ಉಡುಪಿ:

ಒಳ್ಳೆಯ ಪ್ರಶ್ನೆ. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಇದನ್ನೇ ಪಾಠ ಮಾಡಿದವನು ನಾನು. ಹಾಗಾಗಿ ಸ್ವಲ್ಪ ಉದ್ದ ಆದರೆ ಬೇಸರ ಮಾಡಬೇಡಿ.

ಸಂವಿಧಾನದ 74ನೇ ವಿಧಿ ನೋಡಿ. ಮೊದಲು ಅದರಲ್ಲಿ ಇದ್ದದ್ದು, ರಾಷ್ಟ್ರಪತಿಗೆ ಸಲಹೆ ಕೊಡಲು ಒಂದು ಮಂತ್ರಿಮಂಡಲ ಇರುತ್ತದೆ ಅಂತ ಮಾತ್ರ. ಆ ಸಲಹೆಯನ್ನು ಕೇಳಲೇಬೇಕು ಅಂತ ಬರೆದಿರಲಿಲ್ಲ. ಬಾಬು ರಾಜೇಂದ್ರ ಪ್ರಸಾದರಿಗೆ ಈ ಸಂಶಯ ಕೊನೆಯ ತನಕ ಇತ್ತು. 1951ರಲ್ಲಿ ಹಿಂದೂ ಕೋಡ್ ಮಸೂದೆ ವಿಷಯದಲ್ಲಿ ನೆಹರೂ ಜೊತೆ ಅವರಿಗೆ ಭಿನ್ನಾಭಿಪ್ರಾಯ ಬಂತು. 1960ರಲ್ಲಿ ದೆಹಲಿಯ ಒಂದು ಸಭೆಯಲ್ಲಿ, ನಮ್ಮ ರಾಷ್ಟ್ರಪತಿ ನಿಜಕ್ಕೂ ಇಂಗ್ಲೆಂಡಿನ ರಾಜನ ಹಾಗೆಯೇ ಅಂತ ಯಾಕೆ ಅಂದುಕೊಳ್ಳಬೇಕು, ಇದನ್ನು ಅಧ್ಯಯನ ಮಾಡಿ ಅಂತ ಬಹಿರಂಗವಾಗಿಯೇ ಹೇಳಿದರು.

ಇದರಲ್ಲಿ ನಮ್ಮೂರಿನ ಒಂದು ಎಳೆ ಇದೆ, ಹೆಚ್ಚಿನವರಿಗೆ ಗೊತ್ತಿಲ್ಲ. ಸಂವಿಧಾನ ಸಭೆಗೆ ಸಲಹೆಗಾರರಾಗಿ ಮೊದಲ ಕರಡು ಸಿದ್ಧ ಮಾಡಿದವರು ಬೆನಗಲ್ ನರಸಿಂಗ ರಾವ್. 1887ರಲ್ಲಿ ಮಂಗಳೂರಿನಲ್ಲೇ ಹುಟ್ಟಿದವರು, ಕೆನರಾ ಹೈಸ್ಕೂಲಿನಲ್ಲಿ ಓದಿದವರು. ರಾಷ್ಟ್ರಪತಿಗೆ ಕೆಲವು ವಿಷಯಗಳಲ್ಲಿ ಸ್ವಂತ ವಿವೇಚನೆ ಇರಲಿ ಅಂತ 1947ರಲ್ಲಿ ಅವರು ಒಂದು ಸಲಹೆ ಇಟ್ಟಿದ್ದರು. ಸಮಿತಿಯವರು ಒಪ್ಪಲಿಲ್ಲ. ಒಪ್ಪಿದ್ದರೆ ಇವತ್ತು ನಿಮ್ಮ ಅಂಗಡಿಯಲ್ಲಿ ಆ ಜಗಳವೇ ಆಗುತ್ತಿರಲಿಲ್ಲ!

1976ರಲ್ಲಿ 42ನೇ ತಿದ್ದುಪಡಿ ಬಂತು. ಮಂತ್ರಿಮಂಡಲದ ಸಲಹೆಯಂತೆಯೇ ನಡೆಯಬೇಕು ಅಂತ ಸ್ಪಷ್ಟವಾಗಿ ಬರೆದುಬಿಟ್ಟರು. 1978ರ 44ನೇ ತಿದ್ದುಪಡಿಯಲ್ಲಿ ಸ್ವಲ್ಪ ಸಡಿಲ ಮಾಡಿದರು. ಒಮ್ಮೆ ವಾಪಸ್ ಕಳಿಸಿ ಮತ್ತೊಮ್ಮೆ ಯೋಚಿಸಿ ಅನ್ನಬಹುದು. ಎರಡನೇ ಸಲ ಅದೇ ಬಂದರೆ ಒಪ್ಪಲೇಬೇಕು.

ಇಷ್ಟು ಕೇಳಿದರೆ ಸೊಸೈಟಿಯವರು ಹೇಳಿದ್ದೇ ಸರಿ ಅನ್ನಿಸುತ್ತದೆ ಅಲ್ವಾ? ಆದರೆ 111ನೇ ವಿಧಿಯಲ್ಲಿ ಒಂದು ಕಿಂಡಿ ಉಂಟು. ಸಂಸತ್ತು ಪಾಸು ಮಾಡಿದ ಮಸೂದೆಗೆ ಅಂಕಿತ ಹಾಕಬಹುದು, ತಡೆಹಿಡಿಯಬಹುದು, ಹಣಕಾಸಿನ ಮಸೂದೆ ಅಲ್ಲದಿದ್ದರೆ ವಾಪಸ್ ಕಳಿಸಬಹುದು. ವಾಪಸ್ ಕಳಿಸುವುದಿದ್ದರೆ "ಆದಷ್ಟು ಬೇಗ" ಕಳಿಸಬೇಕು. ಎಷ್ಟು ದಿನ? ಬರೆದಿಲ್ಲ.

ಆ ಕಿಂಡಿಯಲ್ಲಿ ನುಗ್ಗಿದವರು ಗ್ಯಾನಿ ಜೈಲ್ ಸಿಂಗ್. 1986ರಲ್ಲಿ ರಾಜೀವ್ ಗಾಂಧಿ ಸರ್ಕಾರ ಅಂಚೆ ತಿದ್ದುಪಡಿ ಮಸೂದೆ ತಂದಿತು. ಜನರ ಕಾಗದಗಳನ್ನು ತಡೆದು ನೋಡಲು ಸರ್ಕಾರಕ್ಕೆ ಜಾಸ್ತಿ ಅಧಿಕಾರ ಕೊಡುವಂಥದ್ದು. ಎರಡೂ ಸದನದಲ್ಲಿ ಪಾಸಾಯಿತು. ಅಂಕಿತಕ್ಕೆ ಹೋಯಿತು. ಜೈಲ್ ಸಿಂಗ್ ಸಹಿಯೂ ಹಾಕಲಿಲ್ಲ, ವಾಪಸ್ಸೂ ಕಳಿಸಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಸುಮ್ನೆ ಇಟ್ಟುಕೊಂಡರು. 1987ರ ಜುಲೈಯಲ್ಲಿ ಅವರ ಅವಧಿ ಮುಗಿಯಿತು, ಮನೆಗೆ ಹೋದರು. ಮಸೂದೆ ಕೊನೆಗೂ ಕಾನೂನಾಗಲಿಲ್ಲ. ಲೋಕಸಭೆಯಲ್ಲಿ 400ಕ್ಕೂ ಮೇಲೆ ಸೀಟಿದ್ದ ಸರ್ಕಾರದ ಮಸೂದೆ ಅದು, ನೆನಪಿರಲಿ. ಇಂದಿರಾ ಗಾಂಧಿಯವರ ಅತಿ ನಿಷ್ಠ ಅಂತ ಪೇಪರಿನವರೆಲ್ಲ ತಮಾಷೆ ಮಾಡುತ್ತಿದ್ದದ್ದು ಇದೇ ಜೈಲ್ ಸಿಂಗ್ ಅವರನ್ನು.

ಸೀಲ್ ಅಂಗಡಿ, ಹಂಪನಕಟ್ಟೆ:

ಮೇಷ್ಟ್ರೇ, ಇದು ನನಗೆ ಚೆನ್ನಾಗಿ ಅರ್ಥ ಆಯಿತು. ಸೀಲನ್ನು ಡ್ರಾಯರ್ ಒಳಗೆ ಹಾಕಿ ಬೀಗ ಹಾಕಿ ಊಟಕ್ಕೆ ಹೋಗುವ ಗುಮಾಸ್ತ! ನಮ್ಮ ಎಷ್ಟೋ ಆಫೀಸುಗಳಲ್ಲಿ ಈ ವಿದ್ಯೆ ಗೊತ್ತಿರುವವರು ಇದ್ದಾರೆ.

ಧಕ್ಕೆ ಹತ್ತಿರದವ:

ಒಬ್ಬ ಜೈಲ್ ಸಿಂಗ್ ಕಥೆ ಹೇಳಿ ಎಲ್ಲರನ್ನೂ ಶೂರರು ಮಾಡಬೇಡಿ. 1975ರ ಜೂನ್ 25ರ ರಾತ್ರಿ ಎಂತ ಆಯಿತು? ಫಕ್ರುದ್ದೀನ್ ಅಲಿ ಅಹ್ಮದ್ ಅವರು ಪ್ರಧಾನಿಯವರ ಒಂದು ಪತ್ರ ನೋಡಿ ತುರ್ತು ಪರಿಸ್ಥಿತಿಗೆ ಸಹಿ ಹಾಕಿದರು. ಮಂತ್ರಿಮಂಡಲಕ್ಕೆ ಗೊತ್ತಾದದ್ದು ಮರುದಿನ ಬೆಳಿಗ್ಗೆ. ಸಲಹೆ ಕೊಡಬೇಕಾದ ಮಂತ್ರಿಗಳು ನಿದ್ದೆಯಲ್ಲಿದ್ದರು, ಸಲಹೆ ಕೇಳಬೇಕಾದವರು ಸಹಿ ಹಾಕಿ ಆಗಿತ್ತು! ಆಮೇಲೆ ಅಬು ಅಬ್ರಹಾಂ ಒಂದು ವ್ಯಂಗ್ಯಚಿತ್ರ ಬರೆದರು. ರಾಷ್ಟ್ರಪತಿ ಸ್ನಾನದ ತೊಟ್ಟಿಯಲ್ಲಿ ಕೂತುಕೊಂಡೇ ಕಾಗದಕ್ಕೆ ಸಹಿ ಹಾಕಿ ಬಾಗಿಲ ಹೊರಗೆ ಕೊಡುತ್ತಿದ್ದಾರೆ. ನೋಡದವರು ಹುಡುಕಿ ನೋಡಿ, ಇದಕ್ಕಿಂತ ಹೆಚ್ಚು ಹೇಳುವುದು ಬೇಡ.

ಆ ಒಂದು ಸಹಿಯಿಂದ ಎಷ್ಟು ಜನ ಒಳಗೆ ಹೋದರು. ಮಂಗಳೂರಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಭೂಗತರಾಗಿ, ಮರು ವರ್ಷ ಸಿಕ್ಕಿಬಿದ್ದು, 1977ರಲ್ಲಿ ಜೈಲಲ್ಲಿ ಕೂತೇ ಬಿಹಾರದ ಮುಜಫ್ಫರಪುರದಿಂದ ಗೆದ್ದರು. ನಮ್ಮ ಅಜ್ಜ ಈಗಲೂ ಆ ಕೈಕೋಳದ ಫೋಟೋ ಬಗ್ಗೆ ಹೇಳುತ್ತಾರೆ.

ಸೀಲ್ ಅಂಗಡಿಯವರೇ, ನಿಮ್ಮ ಸ್ಟಾಂಪ್ ಕೂಡ ಇಂಕ್ ಮುಗಿದರೆ ಒಂದು ಸಲ ಬೀಳುವುದಿಲ್ಲ. ಅಂದು ಅದೂ ಆಗಲಿಲ್ಲ.

ರಥಬೀದಿ ಮೇಷ್ಟ್ರು, ಉಡುಪಿ:

ಒಪ್ಪಿದೆ. ಅದಕ್ಕೇ 44ನೇ ತಿದ್ದುಪಡಿಯಲ್ಲಿ ಇನ್ನೊಂದು ಮಾತು ಸೇರಿಸಿದರು. ತುರ್ತು ಪರಿಸ್ಥಿತಿಗೆ ಸಹಿ ಬೇಕಿದ್ದರೆ ಮಂತ್ರಿಮಂಡಲದ ತೀರ್ಮಾನ ಲಿಖಿತವಾಗಿ ಬರಬೇಕು. ಒಬ್ಬರ ಪತ್ರ ಸಾಲದು.

ಕಾರ್ಕಳದವ:

ಎಲ್ಲರೂ 1975ಕ್ಕೆ ಓಡುತ್ತೀರಿ. ನನ್ನ ಮಟ್ಟಿಗೆ ದೊಡ್ಡ ಕಥೆ 1969ರದ್ದು, ಯಾಕೆಂದರೆ ಅದು ನಮ್ಮ ಊರಿನ ತನಕ ಬಂದು ಮುಟ್ಟುತ್ತದೆ.

ಜಾಕಿರ್ ಹುಸೇನ್ 1969ರ ಮೇಯಲ್ಲಿ ತೀರಿಕೊಂಡರು. ಹೊಸ ಅಭ್ಯರ್ಥಿ ಯಾರು ಅಂತ ಕಾಂಗ್ರೆಸ್ಸಿನ ದೊಡ್ಡವರು ತೀರ್ಮಾನ ಮಾಡಿದ್ದು ಬೆಂಗಳೂರಿನಲ್ಲಿ, ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಅಧಿವೇಶನ ನಡೆದ ಆ ದಿನಗಳಲ್ಲಿ. ನೀಲಂ ಸಂಜೀವ ರೆಡ್ಡಿ ಅಂತ ಆಯಿತು. ಇಂದಿರಾ ಗಾಂಧಿಗೆ ಮನಸ್ಸಿರಲಿಲ್ಲ. ಹಂಗಾಮಿ ರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ನಿಂತರು. ಈ ಗಿರಿಯವರು ಅದಕ್ಕೂ ಮೊದಲು ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಇಂದಿರಾ ಅವರು ಆತ್ಮಸಾಕ್ಷಿಯಂತೆ ಮತ ಹಾಕಿ ಅಂದರು, ತಮ್ಮ ಪಕ್ಷದ ಅಭ್ಯರ್ಥಿ ಎದುರಿಗೆ ಇರುವಾಗಲೇ! ಗಿರಿ ಗೆದ್ದರು. ಅದೇ ವರ್ಷ ಕಾಂಗ್ರೆಸ್ ಎರಡಾಯಿತು.

ಯಾರ ಹಂಗೂ ಇಲ್ಲದೆ ಪಕ್ಷೇತರನಾಗಿ ಗೆದ್ದವರು ಅಂದರೆ ಯಾರಾದರೂ ಏನು ಅಂದುಕೊಳ್ಳುತ್ತಾರೆ? ಇವರು ಸ್ಟಾಂಪ್ ಅಲ್ಲ ಅಂತ. ಸರಿ, ಈಗ 1973ಕ್ಕೆ ಬನ್ನಿ. ಏಪ್ರಿಲ್ 24ಕ್ಕೆ ಕೇಶವಾನಂದ ಭಾರತಿ ಪ್ರಕರಣದ ತೀರ್ಪು. ಕೇಸು ಹಾಕಿದ್ದು ಇಲ್ಲೇ ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು. 13 ನ್ಯಾಯಮೂರ್ತಿಗಳು ಕೂತಿದ್ದರು, ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಮುಟ್ಟುವ ಹಾಗಿಲ್ಲ ಅಂತ 7-6ರಲ್ಲಿ ತೀರ್ಪು ಬಂತು. ಆ ಏಳು ಜನರಲ್ಲಿ ಒಬ್ಬರು ನಮ್ಮ ಕಾರ್ಕಳ ತಾಲೂಕು ಕೌಡೂರಿನ ಕೆ.ಎಸ್. ಹೆಗ್ಡೆ. ತೀರ್ಪು ಬಂದ ಬೆನ್ನಿಗೇ ಹೆಗ್ಡೆ, ಶೆಲಾಟ್, ಗ್ರೋವರ್ ಮೂವರು ಹಿರಿಯರನ್ನು ಬದಿಗೆ ಸರಿಸಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಮೂವರೂ ರಾಜೀನಾಮೆ ಕೊಟ್ಟರು. ಆ ನೇಮಕಕ್ಕೆ ಸಹಿ ಯಾರದ್ದು? ರಾಷ್ಟ್ರಪತಿ ವಿ.ವಿ. ಗಿರಿಯವರದ್ದು.

ಕಥೆ ಇಲ್ಲಿಗೂ ಮುಗಿಯುವುದಿಲ್ಲ. 1977ರಲ್ಲಿ ಹೆಗ್ಡೆಯವರು ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಗೆದ್ದರು. 1969ರಲ್ಲಿ ಸೋತ ಅದೇ ಸಂಜೀವ ರೆಡ್ಡಿ ಆಗ ಸ್ಪೀಕರ್ ಆಗಿದ್ದವರು, ರಾಷ್ಟ್ರಪತಿ ಆಗಲು ಆ ಕುರ್ಚಿ ಬಿಟ್ಟರು. 37 ಜನ ನಾಮಪತ್ರ ಹಾಕಿದ್ದರು, 36 ತಿರಸ್ಕೃತ, ರೆಡ್ಡಿ ಅವಿರೋಧ. ಹಾಗೆ ಅವಿರೋಧವಾಗಿ ಆಯ್ಕೆಯಾದವರು ಇವತ್ತಿನ ತನಕ ಅವರೊಬ್ಬರೇ. ಅವರು ಬಿಟ್ಟ ಸ್ಪೀಕರ್ ಕುರ್ಚಿಯಲ್ಲಿ ಕೂತದ್ದು ಯಾರು? ಕೌಡೂರಿನ ಹೆಗ್ಡೆಯವರು. ನಿಟ್ಟೆ ಕಡೆ ಬಸ್ಸಲ್ಲಿ ಹೋಗುವಾಗ ಅವರ ಹೆಸರಿನ ಬೋರ್ಡುಗಳನ್ನು ದಿನಾ ನೋಡುವ ಮಕ್ಕಳಲ್ಲಿ ಎಷ್ಟು ಜನರಿಗೆ ಇದು ಗೊತ್ತೋ.

ಇದರಿಂದ ನನಗೆ ಅನ್ನಿಸಿದ್ದು, ಮನುಷ್ಯನನ್ನು ನೋಡಬೇಡಿ, ಕೆಳಗಿನ ಸದನವನ್ನು ನೋಡಿ. 1973ರಲ್ಲಿ ಇಂದಿರಾ ಸರ್ಕಾರಕ್ಕೆ ಭರ್ಜರಿ ಬಹುಮತ, ಗಿರಿ ಸಹಿ ಹಾಕಿದರು. 1979ರಲ್ಲಿ ಜನತಾ ಸರ್ಕಾರ ಮುರಿದು ಯಾರಿಗೂ ಬಹುಮತ ಇಲ್ಲದಾಗ ಇದೇ ಸಂಜೀವ ರೆಡ್ಡಿ ಚರಣ್ ಸಿಂಗ್ ಅವರನ್ನು ಕರೆದರು. ಅವರು ಲೋಕಸಭೆಯನ್ನು ಎದುರಿಸದೆಯೇ ರಾಜೀನಾಮೆ ಕೊಟ್ಟಾಗ, ಜಗಜೀವನ್ ರಾಮ್ ಕಾಯುತ್ತಿದ್ದರೂ ಅವರನ್ನು ಕರೆಯದೆ ಸದನವನ್ನೇ ವಿಸರ್ಜಿಸಿದರು. ಸರಿಯೋ ತಪ್ಪೋ, ಸ್ಟಾಂಪ್ ಅಂತೂ ಅಲ್ಲ. ಆಮೇಲೆ ಬಂದ ಆರ್. ವೆಂಕಟರಾಮನ್ ಈ ಹುದ್ದೆಯನ್ನು ಎಮರ್ಜೆನ್ಸಿ ಲ್ಯಾಂಪಿಗೆ ಹೋಲಿಸಿದ್ದರು. ಕರೆಂಟ್ ಇದ್ದಾಗ ಅದು ಮೂಲೆಯಲ್ಲಿ ಇರುತ್ತದೆ, ಹೋದಾಗ ತಾನಾಗಿ ಉರಿಯುತ್ತದೆ. ಜೂನ್ ಜುಲೈಯಲ್ಲಿ ನಮ್ಮ ಕಡೆ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜಮಖಂಡಿಯಾಂವ, ಈಗ ಸುರತ್ಕಲ್:

ಏನ್ರಿ ಎಲ್ಲಾರೂ, ನಮ್ಮ ಜತ್ತಿಯವರನ್ನ ಮರೆತೇ ಬಿಟ್ರಲ್ಲ! ಬಿ.ಡಿ. ಜತ್ತಿ, ಜಮಖಂಡಿ ತಾಲೂಕು ಸಾವಳಗಿಯವರು, ಮೈಸೂರು ರಾಜ್ಯದ ಮುಖ್ಯಮಂತ್ರಿ ಆಗಿದ್ದವರು. 1977ರ ಫೆಬ್ರುವರಿ 11ಕ್ಕೆ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಉಪರಾಷ್ಟ್ರಪತಿ ಆಗಿದ್ದ ಜತ್ತಿಯವರೇ ಹಂಗಾಮಿ ರಾಷ್ಟ್ರಪತಿ. ದೇಶದ ಮೊದಲ ಕಾಂಗ್ರೆಸ್ಸೇತರ ಪ್ರಧಾನಿ ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣ ವಚನ ಹೇಳಿಕೊಟ್ಟದ್ದು ಒಬ್ಬ ಕನ್ನಡಿಗ.

ಅದೇ ಮೊರಾರ್ಜಿ ಸರ್ಕಾರ ಏಪ್ರಿಲ್‌ನಲ್ಲಿ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಿ ಅಂತ ಕಾಗದ ಕಳಿಸಿತು. ಎಲ್ಲಾ ಕಾಂಗ್ರೆಸ್ ಸರ್ಕಾರಗಳು. ಜತ್ತಿಯವರು ಕೂಡಲೇ ಸಹಿ ಹಾಕಲಿಲ್ಲ. ದೆಹಲಿಯಲ್ಲಿ ದೊಡ್ಡ ಗದ್ದಲ ಆಯಿತು. ಕೊನೆಗೆ ಹಾಕಿದರು ಅನ್ನಿ. ಆಗ 42ನೇ ತಿದ್ದುಪಡಿ ಜಾರಿಯಲ್ಲಿತ್ತು, 44ನೆಯದು ಇನ್ನೂ ಬಂದಿರಲಿಲ್ಲ, ವಾಪಸ್ ಕಳಿಸುವ ದಾರಿಯೇ ಇರಲಿಲ್ಲ. ಆದರೂ ಸ್ವಲ್ಪ ಹೊತ್ತು ಕೈ ಹಿಡಿದರಲ್ಲ, ಅದು ನನಗೆ ಇಷ್ಟ.

ಲಾ ಕಾಲೇಜು ಹುಡುಗಿ, ಉಡುಪಿ:

ಹಿರಿಯರೆಲ್ಲ ಹಳೆಯದನ್ನು ಚೆನ್ನಾಗಿ ಹೇಳಿದ್ದೀರಿ. ಈಗಿನ ಸುದ್ದಿ ನಾನು ಹೇಳುತ್ತೇನೆ, ಇತ್ತೀಚೆಗೆ ಇದರ ಮೇಲೆಯೇ ಸೆಮಿನಾರ್ ಕೊಟ್ಟು ಬಂದಿದ್ದೇನೆ, ಗಂಟಲು ಇನ್ನೂ ಸರಿಯಾಗಿಲ್ಲ.

ತಮಿಳುನಾಡು ಸರ್ಕಾರದ 10 ಮಸೂದೆಗಳು ರಾಜ್ಯಪಾಲರ ಹತ್ತಿರ ಸಿಕ್ಕಿಬಿದ್ದಿದ್ದವು. ವಿಧಾನಸಭೆ ಮತ್ತೊಮ್ಮೆ ಪಾಸು ಮಾಡಿದ ಮೇಲೆ ಅವರು ಅವನ್ನು ರಾಷ್ಟ್ರಪತಿಗೆ ಕಳಿಸಿದರು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಏಪ್ರಿಲ್ 8ಕ್ಕೆ ಇಬ್ಬರು ನ್ಯಾಯಮೂರ್ತಿಗಳ ಪೀಠ, ಆ 10ಕ್ಕೂ ಅಂಕಿತ ಸಿಕ್ಕಿದೆ ಅಂತಲೇ ತಿಳಿಯಿರಿ ಅಂದಿತು. ಜೊತೆಗೆ ರಾಜ್ಯಪಾಲರು ಕಳಿಸಿದ ಮಸೂದೆ ಬಗ್ಗೆ ರಾಷ್ಟ್ರಪತಿ ಮೂರು ತಿಂಗಳ ಒಳಗೆ ತೀರ್ಮಾನ ಮಾಡಬೇಕು ಅಂತ ಗಡುವು ಹಾಕಿತು. ಮೇಷ್ಟ್ರು ಹೇಳಿದ ಕಿಂಡಿಗೆ ಬಾಗಿಲು ಇಟ್ಟ ಹಾಗೆ.

ಮೇ ತಿಂಗಳಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು 143ನೇ ವಿಧಿಯಂತೆ ಕೋರ್ಟಿಗೇ 14 ಪ್ರಶ್ನೆ ಕಳಿಸಿದರು. ಸಂವಿಧಾನದಲ್ಲಿ ಇಲ್ಲದ ಗಡುವನ್ನು ಕೋರ್ಟು ಹಾಕಬಹುದಾ ಅನ್ನುವುದೇ ಅದರ ತಿರುಳು. ಐವರ ಪೀಠ ನವೆಂಬರ್ 20ಕ್ಕೆ ಅಭಿಪ್ರಾಯ ಕೊಟ್ಟಿತು. ಗಡುವು ಹಾಕಲು ಬರುವುದಿಲ್ಲ. ಅಂಕಿತ ಸಿಕ್ಕಿದೆ ಅಂತ ತಿಳಿಯುವುದೂ ಸರಿಯಲ್ಲ. ಆದರೆ ರಾಜ್ಯಪಾಲರು ಕಾರಣ ಕೊಡದೆ ತುಂಬಾ ಕಾಲ ಸುಮ್ಮನೆ ಕೂತರೆ, ಏನಾದರೊಂದು ತೀರ್ಮಾನ ಮಾಡಿ ಅಂತ ಮಾತ್ರ ಕೋರ್ಟು ಹೇಳಬಹುದು.

ಇದು ನಮಗೆ ದೂರದ ವಿಷಯ ಅಲ್ಲ. ಸರ್ಕಾರಿ ಗುತ್ತಿಗೆಯಲ್ಲಿ ಮುಸ್ಲಿಮರಿಗೆ 4% ಮೀಸಲು ಇಡುವ ಕರ್ನಾಟಕದ ಮಸೂದೆಯನ್ನು ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ 2025ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿಗೇ ಕಳಿಸಿದರು. ಆ ಮಸೂದೆ ಒಳ್ಳೆಯದೋ ಕೆಟ್ಟದೋ ಅನ್ನುವ ಜಗಳ ಬೇರೆ. ನಾನು ಹೇಳುವುದು ದಾರಿಯ ಬಗ್ಗೆ.

ನನಗೆ ಇಲ್ಲಿ ತಕರಾರು ಇದೆ. ಜೈಲ್ ಸಿಂಗ್ ಮಸೂದೆ ಇಟ್ಟುಕೊಂಡಾಗ ನಾವು ಚಪ್ಪಾಳೆ ಹೊಡೆಯುತ್ತೇವೆ, ಯಾಕೆಂದರೆ ಅವರು ಕೇಂದ್ರ ಸರ್ಕಾರದ ಎದುರಿಗೆ ನಿಂತರು. ರಾಜ್ಯದ ಮಸೂದೆಯ ವಿಷಯದಲ್ಲಿ ರಾಷ್ಟ್ರಪತಿ ಕೇಳಬೇಕಾದದ್ದು ಕೇಂದ್ರ ಮಂತ್ರಿಮಂಡಲದ ಸಲಹೆಯನ್ನೇ. ಅಂದರೆ ಅಲ್ಲಿ ಮೌನ ಯಾರದ್ದು? ಬೀಗದ ಕೀ ಇನ್ನೊಬ್ಬರ ಕಿಸೆಯಲ್ಲಿ ಇದ್ದ ಹಾಗೆ ಆಗುತ್ತದೆ. ನನಗೆ ಜಾಸ್ತಿ ಗೌರವ ಇರುವುದು ಬಾಯಿ ಬಿಟ್ಟು ಕಾರಣ ಹೇಳಿದವರ ಮೇಲೆ. 1989ರಲ್ಲಿ ನಮ್ಮ ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿದ್ದು ತಪ್ಪು ಅಂತ 1994ರಲ್ಲಿ ತೀರ್ಪು ಬಂತಲ್ಲ, ಅದಾದ ಮೇಲೆ ಕೆ.ಆರ್. ನಾರಾಯಣನ್ 1997ರಲ್ಲಿ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಿ ಅಂತ ಬಂದ ಫೈಲು, 1998ರಲ್ಲಿ ಬಿಹಾರದ ಅಂಥದ್ದೇ ಫೈಲು, ಎರಡನ್ನೂ ಮರುಪರಿಶೀಲನೆಗೆ ವಾಪಸ್ ಕಳಿಸಿದರು. ಒಂದು ಸಲ ಗುಜ್ರಾಲ್ ಸರ್ಕಾರ, ಒಂದು ಸಲ ವಾಜಪೇಯಿ ಸರ್ಕಾರ. ಪಕ್ಷ ನೋಡಲಿಲ್ಲ. ಅಬ್ದುಲ್ ಕಲಾಂ ಕೂಡ 2006ರಲ್ಲಿ ಲಾಭದಾಯಕ ಹುದ್ದೆ ಮಸೂದೆ (ಸಂಸದರು ಯಾವ ಸರ್ಕಾರಿ ಹುದ್ದೆ ಇಟ್ಟುಕೊಳ್ಳಬಹುದು ಅನ್ನುವುದು) ವಾಪಸ್ ಕಳಿಸಿದರು, ಸಂಸತ್ತು ಮತ್ತೆ ಹಾಗೆಯೇ ಕಳಿಸಿತು, ಸಹಿ ಹಾಕಿದರು. ಆದರೆ ಅದೇ ಕಲಾಂ 2005ರಲ್ಲಿ ಮಾಸ್ಕೋದಲ್ಲಿ ಇದ್ದಾಗ ನಡುರಾತ್ರಿ ಫ್ಯಾಕ್ಸ್‌ನಲ್ಲಿ ಬಂದ ಬಿಹಾರ ವಿಧಾನಸಭೆ ವಿಸರ್ಜನೆಗೂ ಸಹಿ ಹಾಕಿದ್ದರು, ಅದನ್ನು ಕೋರ್ಟು ಅಸಾಂವಿಧಾನಿಕ ಅಂದಿತು. ಒಬ್ಬರೇ ಮನುಷ್ಯ, ಎರಡು ಕಥೆ.

ಮಣಿಪಾಲದ ಪಾಸ್‌ಬುಕ್:

ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು, ಒಂದು ಲೆಕ್ಕ ಕೊಡುತ್ತೇನೆ. ಈ ಆಯ್ಕೆಯಲ್ಲಿ ನಮ್ಮ ಎರಡು ಜಿಲ್ಲೆಯ ತೂಕ ಎಷ್ಟು?

ರಾಷ್ಟ್ರಪತಿ ಚುನಾವಣೆಯಲ್ಲಿ ಶಾಸಕರ ಮತಕ್ಕೆ 1971ರ ಜನಗಣತಿ ಆಧಾರದಲ್ಲಿ ಬೆಲೆ ಕಟ್ಟುತ್ತಾರೆ. ಕರ್ನಾಟಕದ ಒಬ್ಬ ಶಾಸಕರ ಮತ 131. ಉತ್ತರ ಪ್ರದೇಶದಲ್ಲಿ 208, ಸಿಕ್ಕಿಂನಲ್ಲಿ 7. ದಕ್ಷಿಣ ಕನ್ನಡದಲ್ಲಿ 8 ಶಾಸಕರು, ಉಡುಪಿಯಲ್ಲಿ 5, ಒಟ್ಟು 13. ಹದಿಮೂರು ನೂರಮೂವತ್ತೊಂದಲೆ 1,703. ಎರಡು ಕ್ಷೇತ್ರದ ಸಂಸದರದ್ದು 2022ರ ಲೆಕ್ಕದಲ್ಲಿ ತಲಾ 700, ಅಂದರೆ 1,400. ಕೂಡಿದರೆ 3,103. ಆಗ ದೇಶದ ಒಟ್ಟು ಮತಮೌಲ್ಯ 10,86,431. ಸಾವಿರಕ್ಕೆ ಮೂರು ಕೂಡ ಬರುವುದಿಲ್ಲ. ಮುರ್ಮು ಅವರಿಗೆ 6,76,803 ಬಂತು, ಯಶವಂತ ಸಿನ್ಹಾ ಅವರಿಗೆ 3,80,177.

ಹಾಗಂತ ಚಿಲ್ಲರೆ ಅಂತ ಬಿಡಬೇಡಿ. ಕಾರ್ಕಳದವರು ಹೇಳಿದ 1969ರಲ್ಲಿ ಗೆಲ್ಲಲು 4,18,169 ಬೇಕಿತ್ತು, ಗಿರಿಯವರಿಗೆ ಮೊದಲ ಸುತ್ತಿನಲ್ಲಿ ಸಿಕ್ಕಿದ್ದು 4,01,515. ಎರಡನೇ ಪ್ರಾಶಸ್ತ್ಯದ ಮತ (ಎರಡನೇ ಆಯ್ಕೆ ಅಂತ ಗುರುತು ಹಾಕಿದ್ದು) ಎಣಿಸಿದ ಮೇಲೆ 4,20,077 ಆಯಿತು. ಅಂದರೆ ಗೆರೆ ದಾಟಿದ್ದು 1,908 ಮತದಲ್ಲಿ. ನಮ್ಮ 3,103 ನೋಡಿದ ಮೇಲೆ ಅದು ಎಷ್ಟು ಸಪೂರ ಗೆರೆ ಅಂತ ಗೊತ್ತಾಗುತ್ತದೆ.

ಇನ್ನೊಂದು. ಇದರಲ್ಲಿ ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಆದೇಶ, ನಡೆಯುವುದಿಲ್ಲ, ಗುಪ್ತ ಮತದಾನ. ಸಂಸದರಿಗೆ ಹಸಿರು ಮತಪತ್ರ, ಶಾಸಕರಿಗೆ ಗುಲಾಬಿ. ಆಯೋಗವೇ ಕೊಡುವ ನೇರಳೆ ಶಾಯಿಯ ಪೆನ್ನಿನಲ್ಲೇ ಗುರುತು ಹಾಕಬೇಕು, ಸ್ವಂತ ಪೆನ್ನು ತೆಗೆದರೆ ಮತ ಹಾಳು. ಮುಂದಿನದ್ದು 2027ರ ಜುಲೈ ಒಳಗೆ ಆಗಬೇಕು.

ಧಕ್ಕೆ ಹತ್ತಿರದವ:

ಉಪರಾಷ್ಟ್ರಪತಿ ಕಥೆ ಯಾರೂ ಹೇಳಲಿಲ್ಲ. 2025ರ ಜುಲೈ 21ರ ರಾತ್ರಿ ಧನಕರ್ ಅವರು ಆರೋಗ್ಯದ ಕಾರಣ ಕೊಟ್ಟು ಇದ್ದಕ್ಕಿದ್ದಂತೆ ರಾಜೀನಾಮೆ ಕೊಟ್ಟರು. ಆ ದಿನ ಹಗಲು ರಾಜ್ಯಸಭೆ ನಡೆಸಿದ ಮನುಷ್ಯ! ಸೆಪ್ಟೆಂಬರ್ 9ಕ್ಕೆ ಸಿ.ಪಿ. ರಾಧಾಕೃಷ್ಣನ್ 452-300ರಲ್ಲಿ ಗೆದ್ದರು. ರಾಷ್ಟ್ರಪತಿ ಸ್ಥಾನ ಖಾಲಿ ಆದರೆ ಆರು ತಿಂಗಳ ಗಡುವು ಉಂಟು, ಉಪರಾಷ್ಟ್ರಪತಿಗೆ ಮತ್ತೆ ಅದೇ "ಆದಷ್ಟು ಬೇಗ". ನಮ್ಮ ಸಂವಿಧಾನ ಬರೆದವರಿಗೆ ಮನುಷ್ಯರ ಮೇಲೆ ತುಂಬಾ ನಂಬಿಕೆ ಇತ್ತು ಅಂತ ಕಾಣುತ್ತದೆ.

ಸೀಲ್ ಅಂಗಡಿ, ಹಂಪನಕಟ್ಟೆ:

ಎಲ್ಲರಿಗೂ ಥ್ಯಾಂಕ್ಸ್. ಎರಡು ಸಲ ಓದಿದೆ. ಲಾ ಕಾಲೇಜಿನ ತಂಗಿ ಹೇಳಿದ ಕೀ ವಿಷಯ ತಲೆಯಲ್ಲಿ ಕೂತಿದೆ. ನನ್ನ ಅಂಗಡಿಯಲ್ಲೂ ಹಾಗೆಯೇ. ಅಧ್ಯಕ್ಷರ ಹೆಸರಲ್ಲಿ ಸೀಲ್ ಮಾಡಿಸುತ್ತಾರೆ, ತೆಗೆದುಕೊಂಡು ಹೋಗಲು ಬರುವುದು ಕಾರ್ಯದರ್ಶಿ. ಒತ್ತುವುದು ಯಾರು ಅಂತ ನಾನು ಯಾವತ್ತೂ ಕೇಳಿಲ್ಲ.

ಗುಮಾಸ್ತರು ಇವತ್ತು ಬಂದಿದ್ದರು, ಇದನ್ನು ಮೊಬೈಲಲ್ಲಿ ತೋರಿಸಿದೆ. ಜೈಲ್ ಸಿಂಗ್ ಭಾಗ ಬಂದಾಗ ಮೇಜು ಕುಟ್ಟಿದರು. ಗಿರಿಯವರದ್ದು ಬಂದಾಗ ಕನ್ನಡಕ ಒರೆಸಿಕೊಂಡರು, ಏನೂ ಹೇಳಲಿಲ್ಲ. ಸೊಸೈಟಿಯವರ ಸೀಲ್ ರೆಡಿ ಆಗಿ ನಾಲ್ಕು ದಿನ ಆಯಿತು, ಅವರ ಪತ್ತೆ ಇಲ್ಲ. ಅದೀಗ ನನ್ನ ಡ್ರಾಯರಲ್ಲಿದೆ.

ಮಣಿಪಾಲದ ಪಾಸ್‌ಬುಕ್:

ಸೆಲ್ಫ್ ಇಂಕ್ ಸೀಲ್ ಒಂದಕ್ಕೆ ಈಗ ಎಷ್ಟು ತೆಗೆದುಕೊಳ್ಳುತ್ತೀರಿ? ನಮ್ಮ ಅಪಾರ್ಟ್‌ಮೆಂಟ್ ಸಂಘಕ್ಕೆ ಒಂದು ಬೇಕಿತ್ತು. ಅಧ್ಯಕ್ಷ ನಾನೇ.